ನಾಲ್ಕು ಕಾರ್ಡ್, ಹದಿನಾಲ್ಕು ಸಂಶೋಧಕರು: ಲ್ಯಾಬ್ ಸರ್ವರ್ ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ವಿಭಾಗದ ಸಂಶೋಧನಾ ಲ್ಯಾಬ್‌ನಲ್ಲಿ ಒಂದು ಸರ್ವರ್ ಇದೆ: 4 ಆರ್‌ಟಿಎಕ್ಸ್ ಎ6000 ಜಿಪಿಯು ಕಾರ್ಡ್ (ಭಾರೀ ಲೆಕ್ಕಗಳನ್ನು ವೇಗವಾಗಿ ಮಾಡುವ ಗ್ರಾಫಿಕ್ಸ್ ಕಾರ್ಡ್), 64 ಕೋರ್, 256 ಜಿಬಿ ರ‍್ಯಾಮ್. ಜೊತೆಗೆ 20 ಡೆಸ್ಕ್‌ಟಾಪ್. ಬಳಸುವವರು 14 ಪಿಎಚ್‌.ಡಿ ವಿದ್ಯಾರ್ಥಿಗಳು, ಮೇಲೆ ಎಂ.ಎಸ್ಸಿ ಪ್ರಾಜೆಕ್ಟ್‌ನವರು. ಬಾಗಿಲ ಬಳಿ ಒಂದು ರಿಜಿಸ್ಟರ್, ಒಂದು ವಾಟ್ಸ್ಆಪ್ ಗುಂಪು, ಇಷ್ಟೇ ವ್ಯವಸ್ಥೆ. ಒಬ್ಬರೇ ವಾರಗಟ್ಟಲೆ ನಾಲ್ಕೂ ಕಾರ್ಡ್ ಹಿಡಿದಿರುತ್ತಾರೆ ಎಂಬ ದೂರು ನಿತ್ಯ ಬರುತ್ತಿದೆ. ರಾತ್ರಿ ಲ್ಯಾಬ್‌ನಲ್ಲಿ ಉಳಿಯಬಲ್ಲ ಹುಡುಗರಿಗಷ್ಟೇ ಅನುಕೂಲ ಎಂದು ಹುಡುಗಿಯರು ಹೇಳುತ್ತಾರೆ. ಕರೆಂಟ್ ಹೋದರೆ ಮೂರು ದಿನದ ಕೆಲಸ ನೀರಿನಲ್ಲಿ ಹೋಮ. ಈ ಸೆಮಿಸ್ಟರ್‌ನಿಂದ ಲ್ಯಾಬ್ ಹೊಣೆ ನನ್ನದು. ವೇಳಾಪಟ್ಟಿ ಮಾಡಬೇಕೇ, ಇಲ್ಲ ಇನ್ನೊಂದು ಸರ್ವರ್‌ಗೆ ಇಂಡೆಂಟ್ ಹಾಕಬೇಕೇ?

ಉತ್ತರ: ಮೇಡಂ, ಮೊದಲು ಒಂದು ಸಣ್ಣ ಲೆಕ್ಕ. ನಾಲ್ಕು ಕಾರ್ಡ್, ದಿನಕ್ಕೆ 24 ಗಂಟೆ, ವಾರಕ್ಕೆ 7 ದಿನ: ಒಟ್ಟು 672 ಕಾರ್ಡ್-ಗಂಟೆ. 14 ಜನಕ್ಕೆ ಹಂಚಿದರೆ ತಲಾ 48 ಗಂಟೆ. ಪ್ರತಿಯೊಬ್ಬರಿಗೂ ಪ್ರತಿ ವಾರ ಎರಡು ಹಗಲು, ಎರಡು ರಾತ್ರಿ ಒಂದು ಇಡೀ ಕಾರ್ಡ್. ಎಲ್ಲರೂ ಎಲ್ಲ ವಾರವೂ ಮಾಡೆಲ್ ಓಡಿಸುವುದಿಲ್ಲ. ಒಬ್ಬರು ಪ್ರಬಂಧ ಬರೆಯುತ್ತಿರುತ್ತಾರೆ, ಇನ್ನೊಬ್ಬರು ದತ್ತಾಂಶ ಕಲೆಹಾಕುತ್ತಿರುತ್ತಾರೆ, ಮತ್ತೊಬ್ಬರು ಕೋರ್ಸ್‌ವರ್ಕ್ ಪರೀಕ್ಷೆಗೆ ಓದುತ್ತಿರುತ್ತಾರೆ. ಇಷ್ಟಿದ್ದೂ ಜಗಳ ಆಗುತ್ತಿದೆ ಎಂದರೆ ಕೊರತೆ ಕಾರ್ಡಿನದಲ್ಲ. ಹಿಡಿದ ಕಾರ್ಡನ್ನು ಬಿಡಿಸುವ ದಾರಿ ನಿಮ್ಮಲ್ಲಿಲ್ಲ, ಅಷ್ಟೇ. ನನ್ನ ಇಡೀ ಉತ್ತರ ಈ ಒಂದು ಮಾತಿನ ಸುತ್ತಲೇ ಇರುತ್ತದೆ: ಹಿಡಿದಿಟ್ಟ ಗಂಟೆ ಬೇರೆ, ದುಡಿದ ಗಂಟೆ ಬೇರೆ.

ನಿಯಮ ಬರೆಯುವ ಮೊದಲು ಎರಡು ವಾರ ಸುಮ್ಮನೆ ಅಳೆಯಿರಿ. ಎನ್ವಿಡಿಯಾ-ಎಸ್‌ಎಂಐ ಎಂಬ, ಕಾರ್ಡುಗಳ ಸ್ಥಿತಿ ತೋರಿಸುವ ಆದೇಶವನ್ನು 5 ನಿಮಿಷಕ್ಕೊಮ್ಮೆ ಓಡಿಸಿ, ಪ್ರತಿ ಕಾರ್ಡಿನ ಮೆಮೊರಿ ಮತ್ತು ಬಳಕೆಯ ಶೇಕಡಾವನ್ನು ಒಂದು ಫೈಲಿಗೆ ಬರೆಸಿದರೆ ಸಾಕು. ಒಂದು ಸಾಲನ್ನು ಹತ್ತಿರದಿಂದ ನೋಡೋಣ. ರಾತ್ರಿ ಎರಡು ಗಂಟೆ, ಎರಡನೇ ಕಾರ್ಡ್: 48 ಜಿಬಿಯಲ್ಲಿ 41 ಜಿಬಿ ಭರ್ತಿ, ಪಕ್ಕದ ಬಳಕೆ ಕಾಲಂನಲ್ಲಿ 0%. ಐದು ನಿಮಿಷದ ಮೇಲೆ ಮತ್ತೆ 0%. ಬೆಳಗಿನ ಆರರವರೆಗೂ 0%. ಇದು ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್‌ನ ಗುರುತು. ವಿದ್ಯಾರ್ಥಿ ಬ್ರೌಸರ್ ಮುಚ್ಚಿ ಹಾಸ್ಟೆಲ್‌ಗೆ ಹೋಗಿದ್ದಾರೆ, ಆದರೆ ಸರ್ವರ್‌ನಲ್ಲಿ ಕೋಡ್ ಓಡಿಸುವ ಭಾಗ (ಕರ್ನಲ್) ಇನ್ನೂ ಜೀವಂತವಾಗಿದೆ, ಮಾಡೆಲ್ ಕಾರ್ಡಿನ ಮೆಮೊರಿಯಲ್ಲೇ ಕೂತಿದೆ. ಅವರಿಗೆ ಅದು ಗೊತ್ತೂ ಇರುವುದಿಲ್ಲ. ಟೆನ್ಸರ್‌ಫ್ಲೋ ಎಂಬ ಮಾಡೆಲ್ ತರಬೇತಿಯ ತಂತ್ರಾಂಶ ಬಳಸುವವರಿದ್ದರೆ ಇನ್ನೂ ಒಂದು ಕಾರಣ ಇರುತ್ತದೆ: ಅದು ಏನೂ ಹೇಳದಿದ್ದರೆ ಕಣ್ಣಿಗೆ ಬಿದ್ದ ಎಲ್ಲ ಕಾರ್ಡುಗಳ ಬಹುತೇಕ ಎಲ್ಲ ಮೆಮೊರಿಯನ್ನೂ ಮೊದಲೇ ಕಾಯ್ದಿರಿಸಿಬಿಡುತ್ತದೆ. ನಿಮ್ಮಲ್ಲಿ ‘ನಾಲ್ಕೂ ಕಾರ್ಡ್ ಹಿಡಿದ’ ವಿದ್ಯಾರ್ಥಿ ನಿಜವಾಗಿ ಒಂದನ್ನೇ ಬಳಸುತ್ತಿರಬಹುದು. ಆದ್ದರಿಂದ ಗದರುವ ಮೊದಲು ಅಳತೆ ಮುಗಿಯಲಿ.

ವಾರದ ದಿನ ಹಂಚುವ ವೇಳಾಪಟ್ಟಿ ಬೇಡ. ಸೋಮವಾರ ಇವರಿಗೆ, ಮಂಗಳವಾರ ಅವರಿಗೆ ಎಂದರೆ, ಸೋಮವಾರದವರ ಕೋಡ್ ಬೆಳಿಗ್ಗೆ ಹತ್ತಕ್ಕೆ ಕೆಟ್ಟು ನಿಂತರೂ ಮಂಗಳವಾರದವರೆಗೆ ಕಾರ್ಡ್ ಖಾಲಿ. ರಿಜಿಸ್ಟರ್‌ನ ದೋಷವೂ ಇದೇ: ಅದರಲ್ಲಿ ಯಾರು ಬಂದರು, ಎಷ್ಟಕ್ಕೆ ಹೋದರು ಎಂದಿರುತ್ತದೆ, ಯಂತ್ರ ಏನು ಮಾಡಿತು ಎಂದಿರುವುದಿಲ್ಲ. ನಿಮಗೆ ಬೇಕಾದದ್ದು ಕೆಲಸಗಳ ಸರದಿ. ವಿದ್ಯಾರ್ಥಿ ತನ್ನ ಕೆಲಸವನ್ನು, ಅಂದರೆ ಜಾಬನ್ನು, ‘ಇಷ್ಟು ಕಾರ್ಡ್, ಇಷ್ಟು ಮೆಮೊರಿ, ಇಷ್ಟು ಗಂಟೆ’ ಎಂದು ಬರೆದು ಸರದಿಗೆ ಹಾಕುತ್ತಾರೆ; ಜಾಗ ಸಿಕ್ಕಾಗ ಅದು ತಾನೇ ಓಡುತ್ತದೆ, ಮುಗಿದಾಗ ತಾನೇ ಬಿಡುತ್ತದೆ. ಮುಗಿಯುವ ಹೊತ್ತು ಹೇಳದೆ ಯಾರಿಗೂ ಕಾರ್ಡ್ ಇಲ್ಲ. ನಿಮ್ಮ ಸುತ್ತೋಲೆಯಲ್ಲಿ ಒಂದೇ ಸಾಲಿಗೆ ಜಾಗವಿದ್ದರೆ ಅದು ಈ ಸಾಲಾಗಿರಲಿ.

ಇದಕ್ಕೆ ಸ್ಲರ್ಮ್ ಎಂಬ ಉಚಿತ, ಮುಕ್ತ ತಂತ್ರಾಂಶ ಇದೆ. 2002ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಶುರುವಾದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನಡಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದಲ್ಲೂ ಜಾಬ್ ಹಾಕುವುದು ಸ್ಲರ್ಮ್ ಮೂಲಕವೇ. ನಿಮ್ಮ ವಿದ್ಯಾರ್ಥಿಗಳು ಇಲ್ಲಿ ಕಲಿತದ್ದು ನಾಳೆ ಅಲ್ಲಿಗೂ ಬರುತ್ತದೆ.

ಸ್ಥಾಪನೆಯಲ್ಲಿ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ. ಜಿಪಿಯು ಸರ್ವರ್‌ಗೆ ಯಾರೂ ನೇರ ಲಾಗಿನ್ ಆಗಬಾರದು. ಡೆಸ್ಕ್‌ಟಾಪ್‌ಗಳಲ್ಲಿ ಒಂದು ಗಟ್ಟಿಯಾದದ್ದನ್ನು ಆರಿಸಿ ಅದನ್ನೇ ಎಲ್ಲರ ಪ್ರವೇಶದ ಬಾಗಿಲು ಮಾಡಿ. ಸ್ಲರ್ಮ್‌ನ ನಿಯಂತ್ರಕ ಮತ್ತು ಲೆಕ್ಕದ ಡೇಟಾಬೇಸ್ ಅದರಲ್ಲೇ ಇರಲಿ. ಎರಡೂ ಯಂತ್ರಗಳಲ್ಲಿ ಪ್ರತಿ ಬಳಕೆದಾರರ ಯುಐಡಿ (ಬಳಕೆದಾರರ ಗುರುತಿನ) ಸಂಖ್ಯೆ ಒಂದೇ ಆಗಿರಬೇಕು, ಇಲ್ಲದಿದ್ದರೆ ಒಬ್ಬರ ಫೈಲ್ ಇನ್ನೊಬ್ಬರದಾಗಿ ಕಾಣುತ್ತದೆ. ಯಂತ್ರಗಳು ಪರಸ್ಪರ ಗುರುತಿಸಲು ಮಂಜ್ ಎಂಬ ಸಣ್ಣ ಸೇವೆ ಬಳಸುತ್ತವೆ. ಅದರ ಗುರುತುಚೀಟಿಯ ಆಯುಸ್ಸು ಸಾಮಾನ್ಯವಾಗಿ 5 ನಿಮಿಷ, ಗಡಿಯಾರಗಳು ಅದಕ್ಕಿಂತ ಹೆಚ್ಚು ಹಿಂದೆ ಮುಂದೆ ಆದರೆ ಎಲ್ಲವೂ ನಿಲ್ಲುತ್ತದೆ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಹಾಗಾದ ದಿನ ‘ಸ್ಲರ್ಮ್ ಕೆಟ್ಟಿದೆ’ ಎಂದು ಎಲ್ಲರೂ ಹುಡುಕಾಡುತ್ತಾರೆ. ಕೆಟ್ಟಿರುವುದು ಒಂದು ಪುಟ್ಟ ಬ್ಯಾಟರಿ. ಅದನ್ನು ಬದಲಿಸಿ, ಕ್ರೋನಿ ಎಂಬ ತಂತ್ರಾಂಶ ಹಾಕಿ ಸಮಯ ಹೊಂದಿಸಿ.

ಇದಕ್ಕಿಂತ ಮುಖ್ಯವಾದದ್ದು ಬೇಲಿ. ಪ್ರತಿ ಜಾಬ್ ಎಷ್ಟು ಬಳಸಬಹುದೆಂದು ಕಟ್ಟಿಹಾಕುವ ಲಿನಕ್ಸ್‌ನ ಸಿಗ್ರೂಪ್ ಸಂರಚನೆಯಲ್ಲಿ ಸಾಧನ ಮತ್ತು ರ‍್ಯಾಮ್ ಎರಡಕ್ಕೂ ಮಿತಿಯನ್ನು ಆನ್ ಮಾಡದಿದ್ದರೆ ಸ್ಲರ್ಮ್ ಬರೀ ಶಿಸ್ತಿನ ಸಲಹೆಯಾಗಿ ಉಳಿಯುತ್ತದೆ. ಕೋಡ್‌ನಲ್ಲಿ ‘ಸೊನ್ನೆಯ ಕಾರ್ಡ್’ (ಎಣಿಕೆ ಸೊನ್ನೆಯಿಂದ ಶುರು) ಎಂದು ಬರೆದವರೆಲ್ಲ ಒಂದೇ ಕಾರ್ಡಿನ ಮೇಲೆ ಬೀಳುತ್ತಾರೆ. ಬೇಲಿ ಇದ್ದರೆ ಪ್ರತಿ ಜಾಬ್‌ಗೂ ತನಗೆ ಕೊಟ್ಟ ಕಾರ್ಡ್ ಮಾತ್ರ ಕಾಣುತ್ತದೆ, ಅದೇ ಅದಕ್ಕೆ ಸೊನ್ನೆ. ರ‍್ಯಾಮ್‌ದೂ ಹಾಗೆಯೇ: ಒಬ್ಬರ ಜಾಬ್ 240 ಜಿಬಿ ನುಂಗಿದರೆ ಸರ್ವರ್‌ನ ಕಾರ್ಯವ್ಯವಸ್ಥೆ ಲಿನಕ್ಸ್ ಯಾರದೋ ಜಾಬನ್ನು ಕೊಲ್ಲುತ್ತದೆ, ತಪ್ಪಿತಸ್ಥರದ್ದೇ ಸಾಯಬೇಕೆಂದಿಲ್ಲ. ಪ್ರತಿ ಕಾರ್ಡಿನ ಜೊತೆ 15 ಕೋರ್, 60 ಜಿಬಿ ರ‍್ಯಾಮ್ ಎಂದು ಕಟ್ಟಿ. ಉಳಿದ 4 ಕೋರ್, 16 ಜಿಬಿ ಯಂತ್ರದ ಸ್ವಂತ ಕೆಲಸಕ್ಕೆ. ಸರ್ವರ್‌ನ ಒಟ್ಟು ರ‍್ಯಾಮ್ ಎಷ್ಟೆಂದು ಸಂರಚನೆಯಲ್ಲಿ ಬರೆಯಲು ಮರೆಯಬೇಡಿ. ಬರೆಯದಿದ್ದರೆ ಸ್ಲರ್ಮ್ ಅದನ್ನು 1 ಎಂಬಿ ಎಂದು ತಿಳಿಯುತ್ತದೆ, ಮೆಮೊರಿ ಕೇಳಿದ ಯಾವ ಜಾಬೂ ಓಡುವುದಿಲ್ಲ.

ಈಗ ಸರದಿಗಳು. ನಿಮ್ಮ ಗಾತ್ರಕ್ಕೆ ಮೂರು ಸಾಕು.

ಮೊದಲನೆಯದು ಕಿರು ಸರದಿ: ಗರಿಷ್ಠ 4 ಗಂಟೆ, ಒಬ್ಬರಿಗೆ ಒಂದೇ ಕಾರ್ಡ್. ಕೋಡ್ ತಿದ್ದುವವರು, ನೋಟ್‌ಬುಕ್ ತೆರೆಯುವವರು, ಎಂ.ಎಸ್ಸಿ ಪ್ರಾಜೆಕ್ಟ್‌ನವರು ಇಲ್ಲಿ. ಎರಡನೆಯದು ದೀರ್ಘ ಸರದಿ: ಗರಿಷ್ಠ 48 ಗಂಟೆ, ಒಬ್ಬರಿಗೆ ಏಕಕಾಲಕ್ಕೆ 2 ಕಾರ್ಡ್. ಇಡೀ ದೀರ್ಘ ಸರದಿಗೆ ಸೇರಿ 3 ಕಾರ್ಡ್ ದಾಟದಂತೆ ಮಿತಿ ಹಾಕಿ. ಹಾಗಾದರೆ ನಾಲ್ಕನೆಯ ಕಾರ್ಡ್ ಹಗಲೆಲ್ಲ ಕಿರು ಕೆಲಸಕ್ಕೆ ಸಿಗುತ್ತದೆ, ಐದು ನಿಮಿಷದ ಪರೀಕ್ಷೆಗೆ ಯಾರೂ ಎರಡು ದಿನ ಕಾಯಬೇಕಿಲ್ಲ. ರಾತ್ರಿ ಆ ಕಾರ್ಡ್ ಸುಮ್ಮನಿರಬಾರದಲ್ಲ? ಅದಕ್ಕೆ ಮೂರನೆಯದು, ರಾತ್ರಿ ಸರದಿ: 8 ಗಂಟೆಯ ಮಿತಿ, ಒಂದೇ ಕಾರ್ಡ್. ಹೊತ್ತಿಗೆ ಸರಿಯಾಗಿ ಆದೇಶ ಓಡಿಸುವ ಕ್ರಾನ್ ಮೂಲಕ ಇದನ್ನು ರಾತ್ರಿ 8ಕ್ಕೆ ತೆರೆದು 1ಕ್ಕೆ ಮುಚ್ಚಿಸಿ. ಮುಚ್ಚುವುದೆಂದರೆ ಹೊಸ ಜಾಬ್ ಶುರುವಾಗುವುದಿಲ್ಲ ಎಂದಷ್ಟೇ, ಓಡುತ್ತಿರುವುದು ಓಡುತ್ತದೆ. ಒಂದಕ್ಕೆ ಶುರುವಾದದ್ದು ಕೂಡ ಬೆಳಿಗ್ಗೆ 9ರೊಳಗೆ ಕಾರ್ಡ್ ಬಿಟ್ಟಿರುತ್ತದೆ.

ಗಂಟೆ ನಮೂದಿಸದೆ ಹಾಕಿದ ಜಾಬ್‌ಗೆ 1 ಗಂಟೆ ಮಾತ್ರ ಕೊಡಿ. ಎರಡು ಸಲ ಜಾಬ್ ಅರ್ಧಕ್ಕೆ ನಿಂತರೆ ಮೂರನೇ ಸಲ ಎಲ್ಲರೂ ಗಂಟೆ ಬರೆಯುತ್ತಾರೆ. ಹಾಗೆಂದು ಎಲ್ಲರೂ 48 ಎಂದೇ ಬರೆದರೆ? ಅದಕ್ಕೆ ಸ್ಲರ್ಮ್‌ನಲ್ಲಿ ಬ್ಯಾಕ್‌ಫಿಲ್ ಇದೆ, ಇದನ್ನು ವಿದ್ಯಾರ್ಥಿಗಳಿಗೆ ಬೋರ್ಡ್ ಮೇಲೆ ಬರೆದು ತೋರಿಸಿ. ಸರದಿಯ ಮುಂದಿರುವ ಜಾಬ್‌ಗೆ 2 ಕಾರ್ಡ್ ಬೇಕು. ಸದ್ಯ ಒಂದು ಖಾಲಿ, ಇನ್ನೊಂದು ಸಂಜೆ 5ಕ್ಕೆ ಬಿಡುತ್ತದೆ. ಈಗ ಮಧ್ಯಾಹ್ನ 2. ಹಿಂದೆ ನಿಂತವರಲ್ಲಿ ‘3 ಗಂಟೆ’ ಎಂದು ಬರೆದವರ ಜಾಬ್ ಈಗಲೇ ಆ ಸಂದಿಯಲ್ಲಿ ಓಡಿ ಮುಗಿಯುತ್ತದೆ, ಮುಂದಿರುವವರಿಗೆ ಒಂದು ನಿಮಿಷವೂ ತಡವಾಗುವುದಿಲ್ಲ. ಸುಮ್ಮನೆ 48 ಬರೆದವರ ಜಾಬ್ ಆ ಸಂದಿಯಲ್ಲಿ ಹಿಡಿಸುವುದೇ ಇಲ್ಲ. ನಿಜ ಬರೆದವರಿಗೆ ಬೇಗ ಸರದಿ ಬರುತ್ತದೆ ಎನ್ನುವುದನ್ನು ಒಮ್ಮೆ ಕಂಡರೆ ಅವರೇ ಲೆಕ್ಕ ಹಾಕಿ ಬರೆಯತೊಡಗುತ್ತಾರೆ. ನಿಜವಾದ ಅಂದಾಜಿನ ಮೇಲೆ ನಾಲ್ಕನೇ ಒಂದು ಭಾಗ ಸೇರಿಸಿ ಬರೆಯಲು ಹೇಳಿ.

ಯಾರ ಜಾಬ್ ಮುಂದೆ ಎಂಬುದನ್ನು ನೀವು ನಿರ್ಧರಿಸಬೇಡಿ, ಎಚ್‌ಒಡಿಯವರೂ ನಿರ್ಧರಿಸುವುದು ಬೇಡ. ನ್ಯಾಯಪಾಲು ಲೆಕ್ಕವನ್ನು ಆನ್ ಮಾಡಿ. ಇತ್ತೀಚೆಗೆ ಹೆಚ್ಚು ಬಳಸಿದವರು ತಾವಾಗಿ ಹಿಂದೆ ಸರಿಯುತ್ತಾರೆ, ಬಳಸದವರು ಮುಂದೆ ಬರುತ್ತಾರೆ. ಹಳೆಯ ಬಳಕೆ 7 ದಿನಕ್ಕೊಮ್ಮೆ ಅರ್ಧವಾಗುತ್ತದೆ: ಈ ವಾರ ಬಳಸಿದ 100 ಗಂಟೆ ಮುಂದಿನ ವಾರ 50, ಅದರ ಮುಂದಿನ ವಾರ 25 ಎಂದು ಎಣಿಕೆಯಾಗುತ್ತದೆ. ಕಾರ್ಡ್‌ಗಳು ಖಾಲಿ ಇದ್ದರೆ ಹೆಚ್ಚು ಬಳಸಿದವರಿಗೂ ತಡೆ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪಾಲನ್ನು ಗೈಡ್‌ಗಳ ಪ್ರಕಾರ ಹಂಚಿ ಎಂದು ಯಾರಾದರೂ ಪ್ರಾಧ್ಯಾಪಕರು ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಒಬ್ಬ ಗೈಡ್ ಬಳಿ ಆರು ಜನ, ಇನ್ನೊಬ್ಬರ ಬಳಿ ಒಬ್ಬರೇ ಇದ್ದರೆ, ಆ ಒಬ್ಬರಿಗೆ ಉಳಿದವರ ಆರು ಪಟ್ಟು ಪಾಲು ಸಿಗುತ್ತದೆ. ಫೆಲೋಶಿಪ್‌ನ ಅವಧಿ ಓಡುತ್ತಿರುವುದು ವಿದ್ಯಾರ್ಥಿಯದು, ಗೈಡ್‌ದಲ್ಲ. ಪಿಎಚ್‌.ಡಿಯ ಪ್ರತಿಯೊಬ್ಬರಿಗೂ ತಲಾ 10 ಪಾಲು, ಇಡೀ ಎಂ.ಎಸ್ಸಿ ತಂಡಕ್ಕೆ ಸೇರಿ 20 ಪಾಲು ಎಂದಿಟ್ಟು ಶುರುಮಾಡಿ.

ನೋಟ್‌ಬುಕ್‌ಗಳಿಗೆ ಮಾತ್ರ ಒಂದು ಕಟ್ಟುನಿಟ್ಟು ಬೇಕು. ಕಾರ್ಡಿನ ಬಳಕೆ ಸತತ 60 ನಿಮಿಷ 0% ಇದ್ದರೆ ಮೇಲ್ ಹೋಗಲಿ, 120 ನಿಮಿಷವಾದರೆ ಜಾಬ್ ರದ್ದಾಗಲಿ. ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಸಾಕು. ಮೊದಲ ತಿಂಗಳು ಮೇಲ್ ಮಾತ್ರ ಕಳಿಸಿ, ರದ್ದತಿ ಆಮೇಲೆ.

ಸಮ್ಮೇಳನದ ಗಡುವು ಬಂದಾಗಿನ ಕಿತ್ತಾಟಕ್ಕೆ ‘ಗಡುವಿನ ಚೀಟಿ’ ಎಂಬ ಏರ್ಪಾಡು ಮಾಡಿ: ಪ್ರತಿ ಸಂಶೋಧಕರಿಗೆ ವರ್ಷಕ್ಕೆ ಎರಡು, ಪ್ರತಿ ಚೀಟಿಗೆ 7 ದಿನ ಹೆಚ್ಚಿನ ಆದ್ಯತೆ. 10 ದಿನ ಮೊದಲು ಗುಂಪಿನಲ್ಲಿ ತಿಳಿಸಬೇಕು, ಗಡುವಿನ ಕೊಂಡಿ ಹಾಕಬೇಕು. ಆದ್ಯತೆ ಎಂದರೆ ಸರದಿಯಲ್ಲಿ ಮುಂದೆ ನಿಲ್ಲುವುದು. ಇನ್ನೊಬ್ಬರ ಓಡುತ್ತಿರುವ ಜಾಬನ್ನು ಕೊಲ್ಲುವುದಲ್ಲ. ಚೀಟಿ ಕೊಡುವವರು ಮೂರು ಜನ ಇರಲಿ, ಅವರಲ್ಲಿ ಒಬ್ಬರು ಸಂಶೋಧಕರ ಪ್ರತಿನಿಧಿ.

ಈಗ ಹುಡುಗಿಯರು ಹೇಳಿದ ಮಾತಿಗೆ ಬರುತ್ತೇನೆ. ಇದು ಸೌಕರ್ಯದ ಪ್ರಶ್ನೆ ಎಂದು ತಳ್ಳಿಹಾಕಬೇಡಿ, ಹಂಚಿಕೆಯ ಪ್ರಶ್ನೆಯೇ ಇದು. ಹಾಸ್ಟೆಲ್ ಗೇಟ್ ಸಂಜೆ ಮುಚ್ಚುತ್ತದೆ; ರಾತ್ರಿ ಕುರ್ಚಿಯಲ್ಲಿ ಕೂತವರಿಗೆ ಕಾರ್ಡ್ ಎಂದರೆ ವಾರದ ಅರ್ಧದಷ್ಟು ಗಂಟೆಗಳಿಂದ ಅವರನ್ನು ಹೊರಗಿಟ್ಟಂತೆ. ಸರದಿ ಬಂದ ಮೇಲೆ ಯಾರೂ ಕೂರಬೇಕಿಲ್ಲ, ಸಂಜೆ ನಾಲ್ಕಕ್ಕೆ ಹಾಕಿದ ಜಾಬ್ ರಾತ್ರಿ ಓಡುತ್ತದೆ. ಆದರೆ ರಾತ್ರಿ ಕೋಡ್ ಕೆಟ್ಟು ನಿಂತರೆ ನೋಡಿ ತಿದ್ದಲೂ ಆಗಬೇಕಲ್ಲ? ವಿಶ್ವವಿದ್ಯಾಲಯದ ನೆಟ್‌ವರ್ಕ್ ವಿಭಾಗಕ್ಕೆ ಪತ್ರ ಬರೆದು ವೈರ್‌ಗಾರ್ಡ್ ವಿಪಿಎನ್‌ಗೆ (ಹೊರಗಿನಿಂದ ಸುರಕ್ಷಿತವಾಗಿ ಒಳಬರುವ ದಾರಿ) ಒಂದು ಯುಡಿಪಿ ಪೋರ್ಟ್ ತೆರೆಸಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಕೀಲಿ ಕೊಡಿ. ಪ್ರವೇಶದ ಯಂತ್ರವನ್ನು ಪಾಸ್‌ವರ್ಡ್‌ನ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಜೊತೆ ನೇರ ಇಂಟರ್‌ನೆಟ್‌ಗೆ ಇಡಲೇಬೇಡಿ. ಒಂದು ದುರ್ಬಲ ಪಾಸ್‌ವರ್ಡ್ ಸಿಕ್ಕರೆ ಸಾಕು, ಕ್ರಿಪ್ಟೋ ಗಣಿಗಾರಿಕೆಯವರು ಒಳಗೆ ಕೂತಿರುತ್ತಾರೆ.

ಕರೆಂಟ್ ವಿಷಯ. ನಾಲ್ಕು ಕಾರ್ಡ್ ತಲಾ 300 ವ್ಯಾಟ್, ಪ್ರೊಸೆಸರ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ ಪೂರ್ಣ ಭಾರದಲ್ಲಿ ಸುಮಾರು 1,700 ವ್ಯಾಟ್. 3 ಕೆವಿಎ ಆನ್‌ಲೈನ್ ಯುಪಿಎಸ್ ಸಾಕು. ಆದರೆ ಯುಪಿಎಸ್ ರಾತ್ರಿಯಿಡೀ ಓಡಿಸಲಿಕ್ಕಲ್ಲ, ನೆಟ್ಟಗೆ ನಿಲ್ಲಿಸಲಿಕ್ಕೆ. ಯುಪಿಎಸ್‌ನಿಂದ ಸರ್ವರ್‌ಗೆ ಯುಎಸ್‌ಬಿ ಕೇಬಲ್ ಹಾಕಿ, ಯುಪಿಎಸ್‌ನ ಸ್ಥಿತಿ ನೋಡುವ ನಟ್ ಎಂಬ ತಂತ್ರಾಂಶ ಸ್ಥಾಪಿಸಿ. ಬ್ಯಾಟರಿ ಮೇಲೆ 5 ನಿಮಿಷ ಕಳೆದರೆ ಜಾಬ್‌ಗಳು ಉಳಿಸಿಕೊಂಡು ಮತ್ತೆ ಸರದಿಗೆ ಹೋಗಬೇಕು, ಸರ್ವರ್ ಮುಚ್ಚಬೇಕು. ಬಹಳ ಕಡೆ ಆ ಕೇಬಲ್ ಯುಪಿಎಸ್‌ನ ಡಬ್ಬದಲ್ಲೇ ಉಳಿದಿರುತ್ತದೆ.

ಉಳಿಸಿಕೊಳ್ಳುವುದು ಎಂದರೆ ಚೆಕ್‌ಪಾಯಿಂಟ್, ಅಂದರೆ ಕೆಲಸ ಎಲ್ಲಿಗೆ ಬಂದಿದೆಯೋ ಅದನ್ನು ಫೈಲಿಗೆ ಬರೆದಿಡುವುದು; ಅದು ವಿದ್ಯಾರ್ಥಿಯ ಹೊಣೆ. 30 ನಿಮಿಷಕ್ಕೊಮ್ಮೆ ಬರೆಯಲಿ. ಸಾಮಾನ್ಯ ತಪ್ಪು ಎರಡು. ಮಾಡೆಲ್‌ನ ತೂಕಗಳನ್ನಷ್ಟೇ ಉಳಿಸಿ, ತೂಕ ತಿದ್ದುವ ಆಪ್ಟಿಮೈಜರ್‌ನ ಸ್ಥಿತಿ, ಎಷ್ಟನೇ ಸುತ್ತು, ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಬೀಜದ ಸ್ಥಿತಿ ಬಿಟ್ಟುಬಿಡುವುದು; ಹಾಗೆ ಮಾಡಿದರೆ ಮುಂದುವರಿಸಿದಾಗ ಮಾಡೆಲ್‌ನ ದೋಷ ತೋರಿಸುವ ಗೆರೆ ಜಿಗಿಯುತ್ತದೆ. ಎರಡನೆಯದು, ಹಳೆಯ ಫೈಲಿನ ಮೇಲೆಯೇ ಬರೆಯುವುದು. ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಿಸಬೇಕು. ಸಮಯ ಮುಗಿಯುವ 5 ನಿಮಿಷ ಮೊದಲು ಜಾಬ್‌ಗೆ ಸೂಚನೆ ಕಳಿಸಲು ಸ್ಲರ್ಮ್‌ಗೆ ಹೇಳಬಹುದು. 48 ಗಂಟೆ ಸಾಲದ ಕೆಲಸಗಳೂ ಇದೇ ದಾರಿಯಲ್ಲಿ ತುಂಡು ತುಂಡಾಗಿ ಓಡುತ್ತವೆ.

ಎಸಿಯನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ ತೆಗೆಯುವ ಶಕ್ತಿ. 20 ಜನ, 20 ಡೆಸ್ಕ್‌ಟಾಪ್, ಸರ್ವರ್ ಒಂದೇ ಕೋಣೆಯಲ್ಲಿದ್ದರೆ 6 ಕಿಲೋವ್ಯಾಟ್ ದಾಟುತ್ತದೆ, ಒಂದೂವರೆ ಟನ್ ಸೋಲುತ್ತದೆ. ಸರ್ವರ್‌ಗೆ ಒಂದು ಸಣ್ಣ ಪ್ರತ್ಯೇಕ ಕೋಣೆ, ಸರದಿಯಲ್ಲಿ ಓಡುವ ಎರಡು ಎಸಿ ಒಳ್ಳೆಯದು. ಇನ್ನೊಂದು ಅಪಾಯ: ಕರೆಂಟ್ ಬಂದೊಡನೆ ಸರ್ವರ್ ತಾನಾಗಿ ಆನ್ ಆಗುತ್ತದೆ, ಎಸಿ ಮಾತ್ರ ರಿಮೋಟ್ ಒತ್ತುವವರಿಗೆ ಕಾಯುತ್ತಾ ಕೂತಿರುತ್ತದೆ. ಶನಿವಾರ ರಾತ್ರಿ ಹೀಗಾದರೆ ಸೋಮವಾರದವರೆಗೆ ಕೋಣೆ ಒಲೆ. ಆಟೋ ರೀಸ್ಟಾರ್ಟ್ ಇರುವ ಎಸಿಯನ್ನೇ ಕೇಳಿ. ಸಂಜೆ ಬೀಗ ಹಾಕುವ ಅಟೆಂಡರ್ ಮೇನ್ ಸ್ವಿಚ್ ಆರಿಸುವುದು ಅವರ ಕರ್ತವ್ಯವೇ. ಸರ್ವರ್ ಕೋಣೆಗೆ ಬೇರೆ ಎಂಸಿಬಿ ಕೊಟ್ಟು, ಕನ್ನಡದಲ್ಲಿ ‘ಆರಿಸಬಾರದು’ ಎಂದು ಅಂಟಿಸಿ, ಅವರಿಗೆ ಕಾರಣವನ್ನೂ ಹೇಳಿ.

ಡಿಸ್ಕ್ ತುಂಬಿದ ದಿನ ಎಲ್ಲರ ಜಾಬೂ ಒಟ್ಟಿಗೆ ಸಾಯುತ್ತದೆ. ಸ್ವಂತ ಫೋಲ್ಡರ್‌ಗೆ 50 ಜಿಬಿ ಮೃದು ಮಿತಿ (ದಾಟಿದರೆ 7 ದಿನ ರಿಯಾಯಿತಿ), 60 ಜಿಬಿ ಕಠಿಣ ಮಿತಿ (ದಾಟಲಾಗದು). ಎಲ್ಲರೂ ಬಳಸುವ ದತ್ತಾಂಶ ಒಂದೇ ಪ್ರತಿ, ಓದಲು ಮಾತ್ರ. ತಾತ್ಕಾಲಿಕ ಜಾಗದಲ್ಲಿ 30 ದಿನ ಮುಟ್ಟದ ಫೈಲ್ ಅಳಿಸಬಹುದು, ಆದರೆ ಎಚ್ಚರ: ‘ಬದಲಾದ ದಿನಾಂಕ’ ನೋಡಿ ಅಳಿಸಿದರೆ ನಿನ್ನೆ ಬಿಚ್ಚಿದ ಟಾರ್ ಫೈಲಿನ (ಹಲವು ಫೈಲುಗಳ ಕಟ್ಟು) ದತ್ತಾಂಶ ಇಂದೇ ಹೋಗುತ್ತದೆ, ಏಕೆಂದರೆ ಟಾರ್ ಒಳಗಿನ ಫೈಲುಗಳ ಹಳೆಯ ದಿನಾಂಕವನ್ನೇ ಉಳಿಸಿಕೊಳ್ಳುತ್ತದೆ. ‘ಓದಿದ ದಿನಾಂಕ’ ನೋಡಬೇಕು. ಡಿಸ್ಕ್ ಅನ್ನು ನೋಎಟೈಮ್ ಆಯ್ಕೆಯಲ್ಲಿ ಮೌಂಟ್ ಮಾಡಿದ್ದರೆ ಅದು ದಾಖಲಾಗುವುದೇ ಇಲ್ಲ. ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವುದು) ಇದ್ದರೆ ಬ್ಯಾಕಪ್ ಇದ್ದಂತಲ್ಲ. ಪ್ರಬಂಧ, ಕೋಡ್, ಫಲಿತಾಂಶಗಳು ಪ್ರತಿರಾತ್ರಿ ಬೇರೆ ಕೋಣೆಯ ಡಿಸ್ಕಿಗೆ ಹೋಗಲಿ.

ಡೆಸ್ಕ್‌ಟಾಪ್‌ಗಳನ್ನು ಹಗಲು ತರಗತಿಗೆ ಬಿಡಿ. ರಾತ್ರಿ ಸಿಮ್ಯುಲೇಶನ್‌ನಂಥ ಸಣ್ಣ ಸಣ್ಣ ಸಾವಿರ ಜಾಬ್‌ಗಳಿಗೆ ಅವು ಚಿನ್ನ. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ 1988ರಿಂದ ಬೆಳೆದ ಎಚ್‌ಟಿಕಾಂಡರ್ ಎಂಬ ತಂತ್ರಾಂಶ ಇಂಥದ್ದಕ್ಕೆಂದೇ ಹುಟ್ಟಿದ್ದು. ಯಾರಾದರೂ ಬಂದು ಕೀಬೋರ್ಡ್ ಮುಟ್ಟಿದರೆ ಜಾಬ್ ನಿಲ್ಲುವಂತೆ ಅದನ್ನು ಹೊಂದಿಸಬಹುದು. ಆದರೆ ಮೊದಲ ಮೂರು ತಿಂಗಳು ಇದಕ್ಕೆ ಕೈ ಹಾಕಬೇಡಿ, ಸರ್ವರ್ ನೆಲೆಗೊಳ್ಳಲಿ.

ಇನ್ನೊಂದು ಸರ್ವರ್ ಬೇಕೇ ಎಂದು ಕೇಳಿದ್ದೀರಿ. ಮೂರು ತಿಂಗಳ ಲೆಕ್ಕ ಸ್ಲರ್ಮ್‌ನ ಡೇಟಾಬೇಸ್‌ನಲ್ಲೇ ಇರುತ್ತದೆ. ಪ್ರತಿ ಜಾಬ್ ಹಾಕಿದ ಹೊತ್ತು, ಶುರುವಾದ ಹೊತ್ತು ತೆಗೆದು ಕಾಯ್ದ ಗಂಟೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಿನ ಸಂಖ್ಯೆ ನೋಡಿ. ದೀರ್ಘ ಸರದಿಯಲ್ಲಿ ಅದು 24 ಗಂಟೆ ದಾಟಿದ್ದರೆ, ಮತ್ತು ಹಿಡಿದ ಗಂಟೆಗಳಲ್ಲಿ ಐದರಲ್ಲಿ ನಾಲ್ಕು ಪಾಲು ನಿಜವಾಗಿ ದುಡಿದಿದ್ದರೆ, ಸರ್ವರ್ ಬೇಕು. ಕಾರ್ಡ್ ಖಾಲಿ ಇದ್ದೂ ಜಾಬ್‌ಗಳು ರ‍್ಯಾಮ್‌ಗಾಗಿ ಕಾಯುತ್ತಿದ್ದರೆ ಬೇಕಾದದ್ದು ರ‍್ಯಾಮ್ ಮಾತ್ರ, ಅದರ ಖರ್ಚು ಹೊಸ ಸರ್ವರ್‌ನ ಸಣ್ಣ ಭಾಗ. ಒಂದಿಬ್ಬರ ಮಾಡೆಲ್‌ಗಳಿಗೆ ನಾಲ್ಕು ಕಾರ್ಡೂ ಸಾಲದಿದ್ದರೆ ಅವರಿಗಾಗಿ ರಾಷ್ಟ್ರೀಯ ಮಿಷನ್‌ನ ಯಂತ್ರಗಳಲ್ಲಿ ಸಮಯಕ್ಕೆ ಅರ್ಜಿ ಹಾಕಿ. ಇಂಡೆಂಟ್ ಹಾಕುವುದೇ ಆದರೆ ಆ ಮೂರು ತಿಂಗಳ ಪಟ್ಟಿಯನ್ನು ಲಗತ್ತಿಸಿ, ಯುಪಿಎಸ್, ಎಸಿ, ಬ್ಯಾಕಪ್ ಡಿಸ್ಕ್ ಮೂರನ್ನೂ ಅದೇ ಕಾಗದದಲ್ಲಿ ಬರೆಯಿರಿ. ಆಮೇಲೆ ಬೇರೆಯಾಗಿ ಕೇಳಿದರೆ ಅವು ಮುಂದಿನ ಹಣಕಾಸು ವರ್ಷಕ್ಕೆ ಹೋಗುತ್ತವೆ, ಅಲ್ಲಿಯವರೆಗೆ ಹೊಸ ಸರ್ವರ್ ಡಬ್ಬದಲ್ಲೇ ಇರಬೇಕಾಗುತ್ತದೆ.